ಪದ ಬೇಕಾಗಿದೆ: ‘ರಿಡೆಂಪ್ಷನ್’ (ಬ್ಯಾನರಿಗೆ, ನಾಳೆ ಮಧ್ಯಾಹ್ನದೊಳಗೆ)

ಮಡಿಕೇರಿಯಿಂದ

ಬಳಗದ ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು.

ನಮ್ಮ ವಾಚನಾಲಯದಲ್ಲಿ ಈ ಶನಿವಾರ ಕಾಲೇಜು ಹುಡುಗ ಹುಡುಗಿಯರಿಗಾಗಿ ಕಥೆ ಓದುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಇಂಗ್ಲಿಷಿನಲ್ಲಿ ‘ಅರ್ಬನ್ ಫ್ಯಾಂಟಸಿ’ ಅನ್ನುವ ಬಗೆಯ ಕಥೆಗಳು, ಕನ್ನಡಕ್ಕೆ ನಾನೇ ತರುತ್ತಿದ್ದೇನೆ. ಓದಿಲ್ಲದವರಿಗೆ ಎರಡು ಮಾತು. ಇಲ್ಲಿ ಏಳು ಸಮುದ್ರದಾಚೆಯ ದ್ವೀಪ, ರಾಜಕುಮಾರಿ ಯಾವುದೂ ಇಲ್ಲ. ಲಂಡನ್ನೋ ಶಿಕಾಗೊವೋ ಯಾವುದೋ ಒಂದು ನಗರ. ರೈಲು, ಬಾಡಿಗೆ ಮನೆ, ಪೊಲೀಸ್ ಸ್ಟೇಷನ್ನು, ಅವುಗಳ ನಡುವೆಯೇ ರಕ್ತ ಹೀರುವವರು, ತೋಳವಾಗುವವರು, ಕೊಟ್ಟ ಮಾತನ್ನು ಮುರಿಯಲಾಗದ ಕಿನ್ನರರು. ಈ ಲೋಕಕ್ಕೆ ಕಟ್ಟುಪಾಡುಗಳಿವೆ. ಮನೆಯವರು ಕರೆಯದೆ ರಕ್ತ ಹೀರುವವನು ಹೊಸ್ತಿಲು ದಾಟಲಾರ. ಎಷ್ಟೋ ಕಥೆಗಳಲ್ಲಿ ಶಿಲುಬೆಗೆ ತನ್ನಷ್ಟಕ್ಕೆ ಶಕ್ತಿಯಿಲ್ಲ, ಹಿಡಿದವರಿಗೆ ನಂಬಿಕೆಯಿದ್ದರೆ ಮಾತ್ರ ಅದು ಕಾಯುತ್ತದೆ. ಹುಡುಗರು ಇವನ್ನು ಹೆದರಿಕೆಗಾಗಿ ಓದಲು ಕೂರುತ್ತಾರೆ, ಕೊನೆಗೆ ಕಣ್ಣು ಒರೆಸಿಕೊಂಡು ಏಳುತ್ತಾರೆ. ನನಗೆ ಈ ಕಥೆಗಳು ಹಿಡಿಸಿರುವುದೂ ಅದಕ್ಕೇ.

ಬ್ಯಾನರಿನ ಮೇಲೆ ‘ಪೇಟೆ ಮಾಯಾಕಥೆಗಳು’ ಅಂತ ಬರೆಸಿ, ಕೆಳಗೆ ಮೂರು ಪದ: ನಿಯತ್ತು, ನಂಬಿಕೆ, ಮತ್ತು... ಮೂರನೆಯದು ಸಿಗುತ್ತಿಲ್ಲ.

ಕೊನೆಯಲ್ಲಿ ಓದುವ ಕಥೆ ಹೀಗಿದೆ. ವರ್ಷಗಟ್ಟಲೆ ಒಂದು ಬೀದಿಯ ಜನರ ರಕ್ತ ಹೀರಿಯೇ ಬದುಕಿದ ಒಬ್ಬನಿದ್ದಾನೆ. ಒಂದು ರಾತ್ರಿ ತನಗಿಂತ ದೊಡ್ಡ ಕೇಡೊಂದು ಆ ಬೀದಿಯ ಮಗುವನ್ನು ಹುಡುಕಿಕೊಂಡು ಬಂದಾಗ ಅವನು ಆ ಮನೆಯ ಮೆಟ್ಟಿಲ ಮೇಲೆ ಕೂತು ಬೆಳಗಿನವರೆಗೆ ತಡೆಯುತ್ತಾನೆ. ಬೆಳಕು ಹರಿದರೆ ಅವನ ಮೈ ಸುಡುತ್ತದೆ. ಒಳಗೆ ಹೋದರೆ ಬದುಕುತ್ತಾನೆ, ಆದರೆ ಯಾರೂ ಕರೆದಿಲ್ಲ, ಅವನೂ ಕೇಳುವುದಿಲ್ಲ. ಮಗುವಿನ ಅಜ್ಜಿ ಎಲ್ಲವನ್ನೂ ಕಿಟಕಿಯಿಂದ ನೋಡುತ್ತಿರುತ್ತಾಳೆ. ಅವಳ ಗಂಡನನ್ನು ಕೊಂದವನು ಇವನೇ. ಬಿಸಿಲು ಮೊದಲ ಮೆಟ್ಟಿಲಿಗೆ ತಾಗುವಾಗ ಅವಳು ಬಾಗಿಲು ತೆಗೆದು ‘ಒಳಗೆ ಬಾ’ ಅನ್ನುತ್ತಾಳೆ.

ಅದಕ್ಕೆ ಇಂಗ್ಲಿಷಿನವರ ಪದ ‘ರಿಡೆಂಪ್ಷನ್’. ವಿಮೋಚನೆ, ಉದ್ಧಾರ, ಪಾಪಪರಿಹಾರ, ಪ್ರಾಯಶ್ಚಿತ್ತ ಎಲ್ಲವನ್ನೂ ಬರೆದು ಹೊಡೆದು ಹಾಕಿದ್ದೇನೆ. ಬ್ಯಾನರ್ ಬರೆಯುವವರು ನಾಳೆ ಮಧ್ಯಾಹ್ನ ಬಟ್ಟೆ ಹಾಸುತ್ತಾರೆ. ಪದ ಉದ್ದವಾದರೆ ಅಕ್ಷರ ಸಣ್ಣದಾಗುತ್ತದೆ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ದಯವಿಟ್ಟು ಸಹಾಯ ಮಾಡಿ.

ಬೆಂಗಳೂರಿನಿಂದ

ವಿಮೋಚನೆ. ಕನ್ನಡ ಬೈಬಲ್ಲಿನಲ್ಲಿ ನೆಲೆಯಾದ ಪದ. ಚರ್ಚೆಗೆ ಏನೂ ಉಳಿದಿಲ್ಲ.

ಕುಶಾಲನಗರದಿಂದ

ಉಳಿದಿದೆ ಸರ್. ಬೈಬಲ್ಲಿನಲ್ಲಿ ವಿಮೋಚನೆಗೆ ಒಬ್ಬ ವಿಮೋಚಕ ಬೇಕು, ಅವನು ಬಂದು ಬಿಡಿಸಬೇಕು. ಅಕ್ಕ ಹೇಳಿದ ಕಥೆಯಲ್ಲಿ ಮೆಟ್ಟಿಲ ಮೇಲೆ ಕೂತವನನ್ನು ಬಿಡಿಸಲು ಯಾರೂ ಬರಲಿಲ್ಲ, ಅವನಾಗಿಯೇ ಕೂತ.

ನಾನು ಬ್ಯಾಂಕಿನಲ್ಲಿದ್ದವನು, ನನಗೆ ತೋಚಿದ್ದು ಹೇಳುತ್ತೇನೆ. ಇಂಗ್ಲಿಷ್ ಪದ ಲ್ಯಾಟಿನ್ನಿನ ‘ರೆಡಿಮೆರೆ’ಯಿಂದ ಬಂದದ್ದು, ಕೊಟ್ಟದ್ದನ್ನು ಬೆಲೆ ತೆತ್ತು ಮತ್ತೆ ಕೊಳ್ಳುವುದು ಅಂತ ಅರ್ಥ. ಗಿರವಿ ಇಟ್ಟ ಒಡವೆಯನ್ನು ಬಿಡಿಸಿಕೊಳ್ಳುವುದಕ್ಕೂ ಬ್ಯಾಂಕಿನ ಕಾಗದದಲ್ಲಿ ಇದೇ ಪದ. ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ಪತ್ತಾಕ್ (ಕೊಡವ ಹೆಂಗಸರ ತಾಳಿ) ಬಿಡಿಸಿಕೊಳ್ಳಲು ಬರುತ್ತಿದ್ದವರ ಮುಖ ನೋಡಿದವನಿಗೆ ‘ಬಿಡಿಸಿಕೊಳ್ಳುವುದು’ ಬರೀ ಲೆಕ್ಕದ ಮಾತಲ್ಲ. ಬ್ಯಾನರಿಗೆ ‘ಬಿಡುಗಡೆ’ ಅಂತ ಹಾಕಿ. ಚಿಕ್ಕದು, ಕನ್ನಡದ್ದು.

ಬೆಂಗಳೂರಿನಿಂದ

ಬಿಡುಗಡೆ ಅಂದರೆ ಪುಸ್ತಕ ಬಿಡುಗಡೆ ಅಂದುಕೊಂಡು ಜನ ಬರುತ್ತಾರೆ.

ಸೋಮವಾರಪೇಟೆಯಿಂದ

ಮೂರನೆಯದು ಆಮೇಲೆ ನೋಡೋಣ, ಮೊದಲನೆಯದೇ ಸರಿಯಿಲ್ಲ. ‘ನಿಯತ್ತು’ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಅರ್ಥ ‘ಉದ್ದೇಶ’, ‘ಸಂಕಲ್ಪ’. ಸಾವಿರ ವರ್ಷದಿಂದ ಕಲ್ಲಿನ ಮೇಲೆ ಕನ್ನಡದ ಪದ ಇರುವಾಗ ಇದು ಯಾಕೆ ಬೇಕು?

ಆ ಪದ ‘ಜೋಳವಾಳಿ’. ಜೋಳದ ಪಾಳಿ. ಪಕಾರ ವಕಾರವಾದದ್ದನ್ನು ಈ ಬಳಗಕ್ಕೆ ಬಿಡಿಸಿ ಹೇಳಬೇಕಿಲ್ಲ. ಯಾರ ಮನೆಯ ಕಾಳು ಉಂಡೆವೋ ಅವರಿಗಾಗಿ ಪ್ರಾಣ ಕೊಡುವ ಕಟ್ಟಳೆ. ಪಂಪನ ಕರ್ಣನಿಗೆ ತನ್ನ ಹುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡಲಾಗದಂತೆ ಕಟ್ಟಿಹಾಕಿದ್ದು ಇದೇ. ಅದು 941ರ ಸುಮಾರಿನ ಕಾವ್ಯ. ಅದೇ ಕಾಲದ ಕಲ್ಲು ಬೇಕಾದರೆ ಮದ್ದೂರಿನ ಹತ್ತಿರದ ಆತಕೂರಿಗೆ ಬನ್ನಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗ ‘ಏನು ಬೇಕು ಕೇಳು’ ಅಂದ. ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ, ಬೂತುಗನ ಬೇಟೆನಾಯಿ ‘ಕಾಳಿ’ಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಡೆಯ ಸತ್ತಾಗ ತಾವೂ ಪ್ರಾಣ ಬಿಡುವ ವೇಳೆವಾಳಿ, ಲೆಂಕವಾಳಿ ಇನ್ನೂ ಮುಂದಿನ ಮಾತು. ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಗರುಡಗಂಬ ನೋಡಿದವರಿಗೆ ಅದೂ ಗೊತ್ತಿರುತ್ತದೆ.

ಇನ್ನೊಂದು. ಇಂದಿಗೂ ಕೆಲಸದ ಸರದಿಗೆ ‘ರಾತ್ರಿ ಪಾಳಿ’ ಅನ್ನುತ್ತೇವಲ್ಲ, ಆ ಪಾಳಿ ಮತ್ತು ಜೋಳದ ಪಾಳಿ ಒಂದೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೆಟ್ಟಿಲ ಮೇಲೆ ಕೂತವನು ಮಾಡಿದ್ದು ರಾತ್ರಿ ಪಾಳಿಯೇ.

ಧಾರವಾಡದಿಂದ

ಜೋಳವಾಳಿಗೆ ನನ್ನ ಪೂರ್ತಿ ಬೆಂಬಲ. ಆದರೆ ‘ಪೇಟೆಮಾಯಾಕಥೆ’ ಅರಿಸಮಾಸ. ಒಂದು ಕಡೆ ಕನ್ನಡದ ಪೇಟೆ, ಇನ್ನೊಂದು ಕಡೆ ಸಂಸ್ಕೃತದ ಮಾಯಾ. ವ್ಯಾಕರಣ ಬರೆದ ಕೇಶಿರಾಜನಿಗೆ ತೋರಿಸುವ ಧೈರ್ಯ ಇದೆಯೇ? ‘ಪೇಟೆಯ ಮಾಟಗತೆಗಳು’ ಅನ್ನಿ. ಮೂರನೆಯದಕ್ಕೂ ಸಂಸ್ಕೃತ ಬೇಡ, ಅರಬ್ಬಿ ಬೇಡ. ಎರವಲು ತರುವವರು ಮೊದಲು ಮನೆಯ ಅಟ್ಟ ಹುಡುಕಲಿ.

ಸೋಮವಾರಪೇಟೆಯಿಂದ

ಬಿರುದಾವಳಿಯಲ್ಲೂ ಪೂರ್ವಪ್ರಯೋಗದಲ್ಲೂ ಅರಿಸಮಾಸಕ್ಕೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಅಕ್ಕ ನಡುವೆ ಜಾಗ ಬಿಟ್ಟು ಬರೆದಿದ್ದಾರೆ, ಅಲ್ಲಿಗೆ ಸಮಾಸವೇ ಇಲ್ಲ. ಮುಂದೆ ಹೋಗಿ.

ಕುಶಾಲನಗರದಿಂದ

ಜೋಳವಾಳಿ ದೊಡ್ಡ ಪದ ಮೇಷ್ಟ್ರೇ, ಆದರೆ ಅದರಲ್ಲಿ ಒಡೆಯ ಇದ್ದಾನೆ, ಉಂಡ ಅನ್ನ ಇದೆ. ಈ ಕಥೆಯವನು ಆ ಮನೆಯಲ್ಲಿ ತುತ್ತು ಅನ್ನ ಉಂಡವನಲ್ಲ, ಆ ಮನೆಯವರನ್ನೇ ತಿಂದವನು. ಅವನಿಗೆ ಜೋಳವಾಳಿ ಎಲ್ಲಿಂದ ಬರಬೇಕು? ನಿಯತ್ತು ಅಂದರೆ ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗನಿಗೂ ತಿಳಿಯುತ್ತದೆ. ‘ನಾಯಿಗಿರೋ ನಿಯತ್ತು ಮನುಷ್ಯನಿಗಿಲ್ಲ’ ಅಂತ ಬೈಯುವಾಗ ಯಾರಿಗೂ ಅರಬಸ್ಥಾನ ನೆನಪಾಗುವುದಿಲ್ಲ. ಅರಬ್ಬಿ ಅಂತ ಬಿಡುವುದಾದರೆ ಮೊದಲು ‘ಕಾಫಿ’ ಬಿಡಬೇಕು, ಅದರ ಬೇರೂ ಅಲ್ಲಿಯದೇ. ಕೊಡಗಿನಲ್ಲಿ ಕೂತು ಆ ಮಾತು ಹೇಳಲು ನನ್ನಿಂದಾಗದು.

ಧಾರವಾಡದಿಂದ

ಕಾಫಿ ವಸ್ತು. ವಸ್ತುವಿನ ಜೊತೆ ಹೆಸರು ಬರುತ್ತದೆ. ನಿಯತ್ತು ಗುಣ. ಗುಣವನ್ನೂ ಹೊರಗಿನಿಂದ ತರಿಸಿಕೊಂಡೆವೇ? ಈ ವಾದದಲ್ಲಿ ನನ್ನ ನಿಲುವು ದಾಖಲಾಗಲಿ.

ಬೆಂಗಳೂರಿನಿಂದ

‘ದಾಖಲು’ ಅರಬ್ಬಿ, ‘ವಾದ’ವೂ ‘ಗುಣ’ವೂ ಸಂಸ್ಕೃತ. ನಾನು ಹೇಳಿದ ವಿಮೋಚನೆಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ವಿರಾಜಪೇಟೆಯಿಂದ

ನೀವೆಲ್ಲ ನಿಘಂಟು ತೆರೆದು ಕೂತಿದ್ದೀರಿ. ಮಡಿಕೇರಿಯ ತಂಗಿ ಮನೆಯಿಂದ ನಡೆದು ಹೋಗಿ ನೋಡಬಹುದಾದ ಕಲ್ಲಿನಲ್ಲಿ ಈ ಕಥೆ ಇದೆಯಲ್ಲ. ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಊರಲ್ಲಿ ಹೇಳುವುದೇನು? ರಾಜ ತನ್ನ ಸ್ವಾರ್ಥಕ್ಕಾಗಿ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ರಾಜನನ್ನು ಕಾಡಿದ, ಕಾಟ ತಾಳಲಾರದೆ ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿಸಿದ. ನಟ್ಟನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು, ಎದುರಿಗೆ ಕೆರೆ. ಪೇಟೆ, ಭೂತ, ಕೊಲೆ ಮಾಡಿದವನ ಸಂಕಟ, ಎಲ್ಲ ಇದೆ. ನಿಯತ್ತು ಬೇಕಾದರೆ ಗದ್ದಿಗೆಗೆ ಹೋಗಿ. ರಾಜರ ಗೋರಿಗಳ ಪಕ್ಕದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿ ಮಡಿದ ಬಿದ್ದಂಡ ಬೋಪು, ಅವರ ಮಗ ಸೋಮಯ್ಯ ಇದ್ದಾರೆ.

ಈಗ ಪದ. ರಾಜ ಮಾಡಿದ್ದನ್ನು ನಮ್ಮ ಕಡೆಯ ಅಜ್ಜಿಯಂದಿರು ಏನನ್ನುತ್ತಾರೆ? ‘ತಪ್ಪುಕಾಣಿಕೆ’. ಹರಕೆ ಮರೆತರೆ, ಮೈಲಿಗೆಯಾದರೆ, ದೇವರಿಗೆ ಆಡಿದ ಮಾತು ತಪ್ಪಿದರೆ ‘ತಪ್ಪುಕಾಣಿಕೆ ಹಾಕಿ ಬಾ’ ಅನ್ನುವುದನ್ನು ಕೇಳಿಯೇ ದೊಡ್ಡವರಾದೆವು. ಪಾಪ ಅನ್ನಲಿಲ್ಲ, ಶುದ್ಧಿ ಅನ್ನಲಿಲ್ಲ. ತಪ್ಪು ಅಂದರು, ಅದನ್ನು ಒಪ್ಪಿ ಕಾಣಿಕೆ ಇಡು ಅಂದರು. ಧಾರವಾಡದವರೇ, ಎರಡೂ ಕಡೆ ಕನ್ನಡ. ನೋಡಿಕೊಳ್ಳಿ.

ಬೆಂಗಳೂರಿನಿಂದ

ಅಮ್ಮಾ, ತಪ್ಪುಕಾಣಿಕೆ ಅಂದರೆ ಹುಂಡಿಗೆ ಹಾಕುವ ಹನ್ನೊಂದು ರೂಪಾಯಿ. ಅಷ್ಟು ದೊಡ್ಡ ಭಾವಕ್ಕೆ ಅದು ಸಾಲದು. ರಾಜ ಮಾಡಿದ್ದು ಪ್ರಾಯಶ್ಚಿತ್ತ.

ವಿರಾಜಪೇಟೆಯಿಂದ

ಹನ್ನೊಂದು ರೂಪಾಯಿಯೂ ಆಗುತ್ತದೆ, ಗುಡಿಯೂ ಆಗುತ್ತದೆ. ತಪ್ಪಿಗೆ ತಕ್ಕಂತೆ ಕಾಣಿಕೆ. ಇವನು ಪ್ರಾಣ ಇಟ್ಟ, ಅಷ್ಟೇ ವ್ಯತ್ಯಾಸ. ಪ್ರಾಯಶ್ಚಿತ್ತಕ್ಕೆ ಶಾಸ್ತ್ರ ಇದೆ, ಪುರೋಹಿತರಿದ್ದಾರೆ, ಇಂಥದ್ದಕ್ಕೆ ಇಂಥದ್ದು ಅಂತ ಪಟ್ಟಿ ಇದೆ, ಮಾಡಿ ಮುಗಿಸಿದರೆ ಮುಗಿಯಿತು. ಕಾಣಿಕೆ ಹಾಗಲ್ಲ. ಇಟ್ಟು ಕೈಮುಗಿದು ಹಿಂದೆ ಸರಿಯಬೇಕು. ತೆಗೆದುಕೊಳ್ಳುವುದು ಬಿಡುವುದು ಆ ಕಡೆಯವರಿಗೆ ಸೇರಿದ್ದು. ಐನ್‌ಮನೆಯ (ಕೊಡವರ ಹಿರಿಮನೆಯ) ಕೈಮಡದಲ್ಲಿ, ಅಂದರೆ ಹಿರಿಯರ ಗುಡಿಯಲ್ಲಿ, ಅವರಿಗೆ ಮೀದಿ (ಎಡೆ) ಇಡುವಾಗಲೂ ಹಾಗೆಯೇ, ನಾವು ಇಡುತ್ತೇವೆ, ಒಪ್ಪಿದರು ಅಂತ ನಾವೇ ಹೇಳಿಕೊಳ್ಳುವುದಿಲ್ಲ.

ಇನ್ನೊಂದು ಮಾತು ತಂಗಿ, ನಿನ್ನ ಹುಡುಗರಿಗೆ ಆ ಹೊಸ್ತಿಲ ನಿಯಮ ವಿವರಿಸಲು ಹೆಚ್ಚು ಕಷ್ಟಪಡಬೇಡ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರೆ ದೆವ್ವ ಅದನ್ನು ಓದಿ ತಿರುಗಿ ಹೋಗುತ್ತದೆ ಅಂತ ನಂಬಿದ ನಾಡು ಇದು. ಬಾಗಿಲ ಮೇಲಿನ ಮಾತಿಗೆ ದೆವ್ವವೂ ಕಟ್ಟುಬೀಳುತ್ತದೆ ಅನ್ನುವುದು ಅವರ ಅಪ್ಪ ಅಮ್ಮಂದಿರಿಗೆ ಚೆನ್ನಾಗಿ ಗೊತ್ತು.

ಧಾರವಾಡದಿಂದ

ತಪ್ಪುಕಾಣಿಕೆ ಒಪ್ಪಿದೆ. ನಿಯತ್ತು ಒಪ್ಪಿಲ್ಲ.

ಮಡಿಕೇರಿಯಿಂದ

ಎಲ್ಲರಿಗೂ ಕೃತಜ್ಞತೆ. ಬಟ್ಟೆ ಹಾಸಿ ಆಗಿದೆ, ಬರೆಸಿದ್ದು ಹೀಗೆ: ‘ನಿಯತ್ತು, ನಂಬಿಕೆ, ತಪ್ಪುಕಾಣಿಕೆ’. ಅಕ್ಷರ ಸ್ವಲ್ಪ ಸಣ್ಣದಾಯಿತು, ಆಗಲಿ.

ವಿಮೋಚನೆ ಬಿಟ್ಟಿದ್ದಕ್ಕೆ ಬೆಂಗಳೂರಿನ ಸರ್ ಅವರಿಗೆ ಕಾರಣ ಹೇಳಬೇಕು. ಅದು ಒಳ್ಳೆಯ ಪದ, ಚರ್ಚಿನಲ್ಲಿ ಅದಕ್ಕೆ ತೂಕ ಇದೆ. ಆದರೆ ವಿಮೋಚನೆ, ಪ್ರಾಯಶ್ಚಿತ್ತ ಎರಡರಲ್ಲೂ ಆ ಅಜ್ಜಿಗೆ ಜಾಗವಿಲ್ಲ. ಒಂದರಲ್ಲಿ ಮೇಲಿನವನು ಬಿಡಿಸುತ್ತಾನೆ, ಇನ್ನೊಂದರಲ್ಲಿ ಮಾಡಿದವನೇ ತೊಳೆದುಕೊಳ್ಳುತ್ತಾನೆ. ಕಥೆ ಓದಿ ನನಗೆ ಗಂಟಲು ಕಟ್ಟಿದ್ದು ಅವನು ಸುಡುವ ಸಾಲಿನಲ್ಲಲ್ಲ. ಗಂಡನನ್ನು ಕಳೆದುಕೊಂಡವಳು ಚಿಲಕಕ್ಕೆ ಕೈ ಹಾಕಿ, ತೆಗೆಯದೆ, ಮತ್ತೆ ಕಿಟಕಿಗೆ ಹೋಗಿ ನೋಡಿ ಬರುತ್ತಾಳೆ, ಆ ಸಾಲಿನಲ್ಲಿ. ಕ್ಷಮಿಸಲೇಬೇಕು ಅಂತ ಅವಳಿಗೆ ಯಾರೂ ಹೇಳುವಂತಿಲ್ಲ. ವಿರಾಜಪೇಟೆಯ ಅಕ್ಕ ಹೇಳಿದ ‘ಆ ಕಡೆಯವರಿಗೆ ಸೇರಿದ್ದು’ ಅನ್ನುವುದು ತಪ್ಪುಕಾಣಿಕೆಯಲ್ಲಿ ಉಳಿಯುತ್ತದೆ. ಅವಳು ಬಾಗಿಲು ತೆಗೆಯದೆ ಇದ್ದಿದ್ದರೂ ಅವನು ಇಟ್ಟ ಕಾಣಿಕೆ ಕಾಣಿಕೆಯೇ.

ಮೇಷ್ಟ್ರೇ, ಜೋಳವಾಳಿಯನ್ನು ಕೈಬಿಟ್ಟಿಲ್ಲ. ಇನ್ನೊಂದು ಕಥೆಯಲ್ಲಿ ಹಸಿದು ಬಂದ ತೋಳ ಹುಡುಗನಿಗೆ ಒಬ್ಬ ಹೋಟೆಲಿನವಳು ಅನ್ನ ಹಾಕುತ್ತಾಳೆ, ಅಲ್ಲಿಂದ ಅವನು ಅವಳ ಬೀದಿಯನ್ನು ಕಾಯುತ್ತಾನೆ. ಅಲ್ಲಿ ಅದು ಸರಿಯಾಗಿ ಕೂತಿದೆ. ಅಡಿಟಿಪ್ಪಣಿ ಹಾಕದೆ ಹುಡುಗರಿಗೆ ತಿಳಿಯುತ್ತದೋ ಇಲ್ಲವೋ ನೋಡಬೇಕು. ಆತಕೂರಿನ ಕಾಳಿಯ ಕಥೆಯನ್ನು ಅದಕ್ಕೂ ಮೊದಲು ನಾನೇ ಹೇಳುತ್ತೇನೆ.

ಧಾರವಾಡದವರು ನಿಯತ್ತಿನ ಚರ್ಚೆ ಮುಂದುವರಿಸುವುದಾದರೆ ದಯವಿಟ್ಟು ಬೇರೆ ತಲೆಬರಹದಲ್ಲಿ ಮಾಡಿ, ನಾನೂ ಬರುತ್ತೇನೆ. ಶನಿವಾರ ಮೂರು ಗಂಟೆಗೆ ಓದು ಶುರು. ಕುಶಾಲನಗರ, ಸೋಮವಾರಪೇಟೆ ಕಡೆಯವರು ಮಳೆ ನೋಡಿಕೊಂಡು ಹೊರಡಿ.