ಅಪ್‌ಡೇಟ್: ಪೈಪ್ ಮುಚ್ಚಳ ಸಡಿಲ ಆಗುತ್ತಿದ್ದದ್ದು

ಕೊಪ್ಪಳದಿಂದ ಕೇಳಿದ್ದೆ, ನೆನಪಿದೆಯಾ? ಪೈಪಿನ ಒಳಗೆ ಕೂರುವ 50 ಮಿಮೀ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಮುಚ್ಚಳ ಅಚ್ಚಿನಿಂದ ಅರ್ಧ ಮಿಮೀ ಚಿಕ್ಕದಾಗಿ ಬರುತ್ತಿತ್ತು, ಬದಿಯಲ್ಲಿ ಗೀರೂ ಬೀಳುತ್ತಿತ್ತು.

ಶ್ರಿಂಕೇಜ್, ಅಂದರೆ ಪ್ಲಾಸ್ಟಿಕ್ ತಣಿದಾಗ ಎಷ್ಟು ಕುಗ್ಗುತ್ತದೆ ನೋಡಿ ಎಂದವರ ಮಾತೇ ನಿಜ. ಅಚ್ಚನ್ನು ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ ಲೆಕ್ಕದಲ್ಲಿ, ಕುಗ್ಗುವುದು ಸುಮಾರು 0.5% ಎಂದು ಹಿಡಿದು ಕಡಿದಿದ್ದರು. ಪಿಪಿ 1ರಿಂದ 2.5% ಕುಗ್ಗುತ್ತದೆ. 1.5% ಅಂದರೂ 50 ಮಿಮೀಗೆ 0.75 ಆಯಿತು, ಎಬಿಎಸ್‌ಗೆ ಬರೀ 0.25. ಆ ಅರ್ಧ ಮಿಮೀ ಅಲ್ಲೇ ಸಿಕ್ಕಿತು. ಪುಣ್ಯಕ್ಕೆ ಕ್ಯಾವಿಟಿ (ಅಚ್ಚಿನ ಒಳಗಿನ ಕುಳಿ) ದೊಡ್ಡದು ಮಾಡಬೇಕಿತ್ತು. ಸ್ಟೀಲ್ ಕೆರೆಯುವುದು ಸುಲಭ, ಸೇರಿಸಬೇಕಿದ್ದರೆ ವೆಲ್ಡಿಂಗ್ ಗೋಳು.

ಹೋಲ್ಡಿಂಗ್ ಪ್ರೆಶರ್ (ಅಚ್ಚು ತುಂಬಿದ ಮೇಲೂ ಪ್ಲಾಸ್ಟಿಕ್ ಒತ್ತಿ ಹಿಡಿಯುವ ಒತ್ತಡ) ಏರಿಸಿ ಸರಿಮಾಡಿ ಎಂದೂ ಒಬ್ಬರು ಹೇಳಿದ್ದರು. ಸ್ವಲ್ಪ ಸಿಗುತ್ತದೆ, ಆದರೆ ಅರ್ಧ ಮಿಮೀ? ಸುಮ್ನೆ ಫ್ಲ್ಯಾಶ್ (ಅಚ್ಚಿನ ಸಂದಿಯಲ್ಲಿ ಹೊರಬರುವ ತೆಳು ಪದರ) ಬರುತ್ತದೆ ಅಷ್ಟೇ. ಇನ್ನೊಂದು, ಬಿಸಿ ಪೀಸ್ ಅಳೆಯಬೇಡಿ. ಪಿಪಿ ಹೊರಬಂದ ಮೇಲೂ ಕುಗ್ಗುತ್ತಲೇ ಇರುತ್ತದೆ. ಈಗ ಮರುದಿನವೇ ವರ್ನಿಯರ್ ಹಿಡಿಯುತ್ತೇವೆ.

ಡ್ರಾಯಿಂಗ್‌ನಲ್ಲಿ ಎಲ್ಲ ಅಳತೆಗೂ ±0.05 ಮಿಮೀ ವ್ಯತ್ಯಾಸಕ್ಕೆ ಮಾತ್ರ ಅವಕಾಶ ಇತ್ತು. ಪಿಪಿಗೆ ಅದು ಜಾಸ್ತಿ ಆಸೆ ಅಲ್ವಾ? ಕೂರುವ ವ್ಯಾಸಕ್ಕೆ ಮಾತ್ರ ±0.15 ಇಟ್ಟು ಉಳಿದದ್ದನ್ನು ಸಡಿಲಿಸಿದೆವು. ಗಿರಾಕಿ ಒಪ್ಪಿದರು.

ಗೀರಿಗೆ ಕಾರಣ ಟೆಕ್ಸ್ಚರ್, ಅಂದರೆ ಅಚ್ಚಿನ ಮೇಲ್ಮೈಯ ತರಿತರಿ ವಿನ್ಯಾಸ. ಬದಿಗೋಡೆಯ ಡ್ರಾಫ್ಟ್ (ಪೀಸ್ ಸಲೀಸಾಗಿ ಹೊರಬರಲು ಕೊಡುವ ಓರೆ) ಅರ್ಧ ಡಿಗ್ರಿ ಮಾತ್ರ. ಟೆಕ್ಸ್ಚರ್ 0.025 ಮಿಮೀ ಆಳವಿದ್ದರೆ ಒಂದೂವರೆ ಡಿಗ್ರಿಯಾದರೂ ಬೇಕಂತೆ. ಅಚ್ಚಿನ ಬದಿಯನ್ನು ಎಮರಿ ಪೇಪರ್ ಹಾಕಿ ನಯ ಮಾಡಿಸಿದೆವು. ಮೇಲ್ಮುಖಕ್ಕೆ ಟೆಕ್ಸ್ಚರ್ ಹಾಗೇ ಇದೆ, ಅದರಿಂದ ಸಿಂಕ್ ಮಾರ್ಕ್ (ಕುಗ್ಗಿದಾಗ ಬೀಳುವ ತಗ್ಗು) ಕಾಣುವುದಿಲ್ಲ. ಗೇಟ್ (ಪ್ಲಾಸ್ಟಿಕ್ ಅಚ್ಚಿನೊಳಗೆ ಹೋಗುವ ಬಾಯಿ) ಹತ್ತಿರ ಸಣ್ಣ ಮಚ್ಚೆ ಇನ್ನೂ ಬರುತ್ತಿದೆ, ಅದನ್ನು ಬೇರೆಯಾಗಿ ಕೇಳುತ್ತೇನೆ.