ಪದಚರ್ಚೆ: ಎಮಿಷನ್, ಫೋರ್‌ಕಾಸ್ಟ್ – ಬೋರ್ಡು ಇವತ್ತು ಸಂಜೆ ಪ್ರಿಂಟಿಗೆ ಹೋಗ್ಬೇಕು

ಎಲ್ಲರಿಗೂ ನಮಸ್ಕಾರ,

ಮೊನ್ನೆ ಮಡಿಕೇರಿಯಿಂದ ಕೆಲವು ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಕೇಳಿದ್ದು ನಾನೇ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಒಂದು ಬೋರ್ಡು, ದೇಶದ ಬಸ್ಸು ಲಾರಿ ಕಾರು ರೈಲು ವಿಮಾನ ಎಲ್ಲಾ ಸೇರಿ 2050ರ ಹೊತ್ತಿಗೆ ಎಷ್ಟು ಎನರ್ಜಿ ಬೇಕಾಗುತ್ತೆ, ಎಷ್ಟು ಎಮಿಷನ್ (ಗಾಳಿಗೆ ಬಿಡೋ ಅನಿಲ) ಆಗುತ್ತೆ, ಅದನ್ನ ಈಗಲೇ ಲೆಕ್ಕ ಹಾಕೋದು (ಫೋರ್‌ಕಾಸ್ಟ್) ಹೇಗೆ ಅಂತ. ಉತ್ತರ ಬಹಳ ಬಂತು, ಆದ್ರೆ ಅರ್ಧಕ್ಕರ್ಧ ಎರವಲು ಪದ ಬೇಕಾ ಬೇಡ್ವಾ ಅನ್ನೋ ಜಗಳಾನೇ. ಸಂಜೆ ಫ್ಲೆಕ್ಸ್ ಅಂಗಡಿಯವರಿಗೆ ಕೊಡ್ಬೇಕು, ಅದಕ್ಕೆ ಒಂದೊಂದೇ ಪದ ಹಿಡಿದು ಬರೀತೀನಿ.

ಎಮಿಷನ್ ಅಂತಲೇ ಬಿಡಿ, ಜನಕ್ಕೆ ಗೊತ್ತಿರೋ ಪದ ಅಂದ್ರು ಇಬ್ರು. ನಿನ್ನೆ ಕರಡನ್ನ ಬಸ್ ಸ್ಟ್ಯಾಂಡ್ ಹತ್ರ ಒಬ್ರು ಜೀಪ್ ಡ್ರೈವರಿಗೆ ಓದೋಕೆ ಕೊಟ್ಟೆ. ಎರಡು ಸಾಲು ಓದಿ, "ನಮ್ ಗಾಡಿ ಎಮಿಷನ್ ಪಾಸ್ ಆಗಿದೆ ಸರ್" ಅಂತ ಸರ್ಟಿಫಿಕೇಟ್ ತೆಗೆದು ನನ್ನ ಕೈಗಿಟ್ರು. ಆ ಟೆಸ್ಟಲ್ಲಿ ಡೀಸೆಲ್ ಗಾಡಿಗೆ ನೋಡೋದು ಹೊಗೆ ಎಷ್ಟು ದಟ್ಟ ಅಂತ. ನಮ್ಮ ಬೋರ್ಡು ಹೇಳೋದು ಇಂಗಾಲದ ಡೈಆಕ್ಸೈಡ್ ವಿಷಯ, ಅದು ಕಣ್ಣಿಗೇ ಕಾಣಲ್ಲ, ಪಾಸಾದ ಗಾಡೀನೂ ಒಂದು ಲೀಟರ್ ಡೀಸೆಲ್ ಸುಟ್ರೆ ಸುಮಾರು 2.7 ಕೆಜಿ ಬಿಟ್ಟೇ ಬಿಡುತ್ತೆ. ಆ ಪದ ಇಟ್ರೆ ಓದಿದವ್ರೆಲ್ಲ ಇದು ನಂಗಲ್ಲ ಅಂದ್ಕೊಂಡು ಮುಂದೆ ಹೋಗ್ತಾರೆ.

"ಹೊಗೆಯುಗುಳು" ಕೂಡ ಇದೇ ಕಾರಣಕ್ಕೆ ಆಗಲ್ಲ. ಹಳಗನ್ನಡದ ಪೊಗೆ ಹೊಗೆ ಆಗಿದ್ದು, ಕೊಡವರ ಸುಗ್ಗಿ ಹಬ್ಬ ಪುತ್ತರಿ ನಮ್ಮ ಬಾಯಲ್ಲಿ ಹುತ್ತರಿ ಆಗಿದ್ದು ಅಂತ ಅದನ್ನ ಕೊಟ್ಟವರು ಎರಡು ಪುಟ ಬರೆದಿದ್ರು, ಖುಷಿಯಿಂದ ಓದಿದೆ. ಆದ್ರೆ ಇಲ್ಲಿ ಹೊಗೆಯ ಮಾತೇ ಇಲ್ವಲ್ಲ ಸ್ವಾಮಿ. "ಕಾರುವಿಕೆ" ಗಟ್ಟಿ ಪದ, ಕಿಡಿ ಕಾರು, ವಿಷ ಕಾರು ಅಂತ ಬಳಕೇಲೂ ಇದೆ, ಆದ್ರೆ "ಕಾರಿನ ಕಾರುವಿಕೆ" ಅಂತ ಬರೆದ್ರೆ ಏಳನೇ ಕ್ಲಾಸಿನ ಮಗು ಎಡವುತ್ತೆ.

ಉಳಿದಿದ್ದು ಪೇಪರಿನವರ "ಹೊರಸೂಸುವಿಕೆ". ಸೂಸೋದು ಪರಿಮಳ, ನಗು, ವಿಷಕ್ಕೆ ಆ ಪದ ಯಾಕೆ ಅಂತ ಕೇಳಿದವರ ಮಾತು ಸರಿ, ನಂಗೂ ಮೊದಲು ಹಾಗೇ ಅನ್ನಿಸಿತ್ತು. ಆದ್ರೂ ಇದನ್ನೇ ಇಟ್ಕೊಳ್ತೀನಿ, ಬೇರೆ ಯಾವುದೂ ತಪ್ಪು ಅರ್ಥ ಕೊಡದೆ ನಿಲ್ತಿಲ್ಲ. ಆದ್ರೆ "ಇಂಗಾಲದ ಹೊರಸೂಸುವಿಕೆ" ಅಂತ ಮಾತ್ರ ಬರೆಯಲ್ಲ. ಒಂದು ಕೆಜಿ ಇಂಗಾಲ ಪೂರ್ತಿ ಉರಿದ್ರೆ 3.67 ಕೆಜಿ ಇಂಗಾಲದ ಡೈಆಕ್ಸೈಡ್, 12 ಗ್ರಾಂ ಇಂಗಾಲಕ್ಕೆ 44 ಗ್ರಾಂ ಡೈಆಕ್ಸೈಡಿನ ಲೆಕ್ಕ. ಉದ್ದ ಆಯ್ತು ಅಂತ ಡೈಆಕ್ಸೈಡ್ ತೆಗೆದ್ರೆ ಬೋರ್ಡಿನ ಅಂಕಿಗಳೆಲ್ಲ ಸುಳ್ಳಾಗುತ್ತೆ.

ಫೋರ್‌ಕಾಸ್ಟಿಗೆ "ಪೂರ್ವಾನುಮಾನ" ಅಂತೆ. ಅದು ಹಿಂದಿಯವರಿಗೆ ಸರಿ. ಕನ್ನಡದಲ್ಲಿ ಅನುಮಾನ ಅಂದ್ರೆ ಗುಮಾನಿ, ಬೇಡವೇ ಬೇಡ. "ಮುನ್ಸೂಚನೆ" ಚೆನ್ನಾಗಿರೋ ಪದಾನೇ, ಆದ್ರೆ 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತ ನೋಡಿದ ಕೊಡಗಿನಲ್ಲಿ ಮುನ್ಸೂಚನೆ ಅಂದ್ರೆ ಮಳೆ, ರೆಡ್ ಅಲರ್ಟ್, ಗುಡ್ಡದ ಕೆಳಗಿನ ಮನೆಯವರು ಗಂಟುಮೂಟೆ ಕಟ್ಟೋದು. ಅದನ್ನ ಈ ಬೋರ್ಡಿಗೆ ಹಾಕೋಕೆ ನಂಗೆ ಮನಸ್ಸು ಬರಲ್ಲ. ಅಲ್ಲದೆ ಬೋರ್ಡಿನ ಲೆಕ್ಕ ಹೀಗಾಗೇ ಆಗುತ್ತೆ ಅಂತ ಹೇಳೋದಲ್ಲ. ಎಷ್ಟು ಗಾಡಿ, ಒಂದೊಂದು ಗಾಡಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ, ಕಿಲೋಮೀಟರಿಗೆ ಎಷ್ಟು ಡೀಸೆಲ್, ಲೀಟರಿಗೆ ಎಷ್ಟು ಕೆಜಿ ಅಂತ ಗುಣಿಸಿಕೊಂಡು ಹೋಗೋದು, ಅರ್ಧ ಬಸ್ಸು ಎಲೆಕ್ಟ್ರಿಕ್ ಆದ್ರೆ ಏನು, ಲಾರಿ ಸರಕು ರೈಲಿಗೆ ಹೋದ್ರೆ ಏನು ಅಂತ ಬದಲಾಯಿಸಿ ಬದಲಾಯಿಸಿ ನೋಡೋದು. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಕಾಫಿ ಮೂಟೆ ಹೋಗೋದೆಲ್ಲ ರಸ್ತೆ ಮೇಲೆ, ಹಾಗಾಗಿ ಮಕ್ಕಳಿಗೆ ಆ ಎರಡನೇ ಪ್ರಶ್ನೆ ಬೇಗ ನಾಟುತ್ತೆ. ಇದಕ್ಕೆಲ್ಲ "ಮುನ್ನಂದಾಜು" ಸರಿಯಾಗಿ ಕೂರುತ್ತೆ. ಅಚ್ಚಗನ್ನಡ ಅಂತ ಅದನ್ನ ಕೊಟ್ಟವರಿಗೆ ಒಂದು ಮಾತು, ಅಂದಾಜು ಪಾರಸಿಯಿಂದ ಬಂದಿದ್ದು. ಬಂದು ಎಷ್ಟು ಕಾಲ ಆಯ್ತೋ, ಈಗ ನಮ್ಮದೇ. ಕಾಫಿ, ಲಾರಿ, ಡೀಸೆಲ್ ಎಲ್ಲ ಬಂದು ಮನೆಯವರೇ ಆಗಿಲ್ವಾ? ಓದಿದವರಿಗೆ ಏನು ಹೊಳೆಯುತ್ತೆ ಅನ್ನೋದು ಬಿಟ್ಟು ಪದದ ಕುಲಗೋತ್ರ ಕೇಳ್ಕೊಂಡು ಕೂತ್ರೆ ಬೋರ್ಡು ಖಾಲಿ ಇರುತ್ತೆ ಅಷ್ಟೆ.

ಎನರ್ಜಿಗೆ "ಇಂಧನ" ಸಾಕು, ಸರ್ಕಾರದ್ದೂ ಇಂಧನ ಇಲಾಖೆನೇ.

ಕೊನೇದು, ಬಿಸಿನೆಸ್ ಆಸ್ ಯೂಶುವಲ್, ಅಂದ್ರೆ ನಾವು ಏನೂ ಬದಲಾಯಿಸದೆ ಈಗಿನ ಥರಾನೇ ಮುಂದುವರಿದ್ರೆ ಎಷ್ಟಾಗುತ್ತೆ ಅಂತ ತೋರಿಸೋ ಗೆರೆ. "ಯಥಾಸ್ಥಿತಿ" ಅಂತ ಮೂವರು ಬರೆದ್ರಿ, ಮೂವರದ್ದೂ ತಪ್ಪು. ಯಥಾಸ್ಥಿತಿ ಅಂದ್ರೆ ಕೋರ್ಟಿನ ಆರ್ಡರ್ ಥರ ಇದ್ದಲ್ಲೇ ಇರೋದು. ಇಲ್ಲಿ ಗಾಡಿ ವರ್ಷವರ್ಷ ಹೆಚ್ಚಾಗ್ತಾ ಹೋಗುತ್ತೆ, ಬದಲಾಗದೆ ಇರೋದು ನಮ್ಮ ನಡೆ ಮಾತ್ರ. ನಾನು "ಹೀಗೇ ಹೋದರೆ" ಅಂತ ಬರ್ದಿದ್ದೀನಿ. ಗ್ರಾಫಿನ ಗೆರೆ ಪಕ್ಕದಲ್ಲಿ ಅಷ್ಟೇ ಹಾಕಿದ್ರೆ ಸಾಕಾ, ಇಲ್ಲಾ ಅದಕ್ಕೊಂದು ಒಳ್ಳೇ ನಾಮಪದ ಇದ್ಯಾ? ನಾಲ್ಕು ಗಂಟೆ ಒಳಗೆ ತಿಳಿಸಿ, ಆಮೇಲೆ ಅಂಗಡಿಗೆ ಹೊರಡ್ತೀನಿ.