ತುರ್ತು: ಥಿನ್ನರ್ ಗಾಳಿ ಸೇರುವ ಲೆಕ್ಕಕ್ಕೆ ಕನ್ನಡ ಪದಗಳು ಬೇಕು

ಬಳ್ಳಾರಿಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾಳಿದ್ದು ಬೆಳಗ್ಗೆ ಫೈಲ್ ಪ್ರೆಸ್ಸಿಗೆ ಹೋಗಬೇಕು, ಹಾಗಾಗಿ ಅವಸರ. ಪೇಂಟಿಂಗ್ ಶೆಡ್, ಪಾಲಿಶ್ ಕೆಲಸ, ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಿಗೆ ಇಲ್ಲೊಂದು ತರಬೇತಿ ಇದೆ. ಅದಕ್ಕೆ ಒಂದು ಕೈಪಿಡಿ, ಗೋಡೆಗೆ ಒಂದು ಬೋರ್ಡು. ಸಾಲ್ವೆಂಟ್ (ಬೇರೆ ವಸ್ತುವನ್ನು ಕರಗಿಸುವ ದ್ರವ) ಬಳಕೆಯಿಂದ ಇಡೀ ದೇಶದಲ್ಲಿ ಗಾಳಿಗೆ ಎಷ್ಟು ಸೇರುತ್ತದೆ ಅಂತ ಹೇಗೆ ಅಂದಾಜು ಮಾಡುತ್ತಾರೆ ಅನ್ನುವುದು ವಿಷಯ.

ಥಿನ್ನರ್, ಅಂಟು, ಶಾಯಿ, ವಾರ್ನಿಶ್ ಇವುಗಳಲ್ಲಿರುವ ಟಾಲ್ವೀನ್, ಕ್ಸೈಲೀನ್, ಅಸಿಟೋನನ್ನು ಇಂಧನದ ಹಾಗೆ ಯಾರೂ ಸುಡುವುದಿಲ್ಲ. ಬಣ್ಣ ಒಣಗುವಾಗ ಅವು ತಾವೇ ಹಾರಿಹೋಗುತ್ತವೆ. ಚಿಮಣಿ ಇಲ್ಲ, ಮೀಟರ್ ಇಲ್ಲ, ಪ್ರತಿ ಶೆಡ್ಡಿಗೂ ಹೋಗಿ ಅಳೆಯುವುದು ಆಗದ ಮಾತು. ಅದಕ್ಕೆ ದೇಶದಲ್ಲಿ ತಯಾರಾದದ್ದಕ್ಕೆ ಆಮದು ಕೂಡಿಸಿ, ರಫ್ತು ಕಳೆಯುತ್ತಾರೆ. ಬೇರೆ ರಾಸಾಯನಿಕ ಮಾಡಲು ಕಚ್ಚಾವಸ್ತುವಾಗಿ ಹೋದದ್ದನ್ನು, ಹಿಡಿದು ಸುಟ್ಟುಹಾಕಿದ್ದನ್ನು ಕೂಡ ಕಳೆಯುತ್ತಾರೆ. ಉಳಿದದ್ದು ಗಾಳಿ ಸೇರಿತು ಅಂತ ಲೆಕ್ಕ. ಇಲ್ಲವೇ, ಬಳಸಿದ ತೂಕವನ್ನು ಕಿಲೋಗೆ ಎಷ್ಟು ಹಾರುತ್ತದೆ ಅನ್ನುವ ಅಂಕಿಯಿಂದ ಗುಣಿಸುತ್ತಾರೆ.

ಎಮಿಷನ್ (ಹೀಗೆ ಗಾಳಿ ಸೇರುವುದು), ಎಮಿಷನ್ ಫ್ಯಾಕ್ಟರ್ (ಆ ಕಿಲೋವಾರು ಅಂಕಿ), ಮಾಸ್ ಬ್ಯಾಲೆನ್ಸ್ (ಮೊದಲು ಹೇಳಿದ ಕೂಡಿ ಕಳೆಯುವ ಲೆಕ್ಕ), ವಿಓಸಿ (ಹೀಗೆ ಹಾರಿಹೋಗುವ ಟಾಲ್ವೀನ್‌ನಂಥವು). ಈ ನಾಲ್ಕಕ್ಕೆ ಪದ ಕೊಡಿ. ನಿಘಂಟಿನಲ್ಲಿ ಸಿಕ್ಕಿದ್ದು ಉತ್ಸರ್ಜನೆ, ಉತ್ಸರ್ಜನಾ ಗುಣಾಂಕ, ದ್ರವ್ಯರಾಶಿ ಸಮತೋಲನ, ಬಾಷ್ಪಶೀಲ ಸಾವಯವ ಸಂಯುಕ್ತ. ಶೆಡ್ಡಿನ ಹುಡುಗರ ಮುಂದೆ ಇವನ್ನು ಓದಲು ನನಗೆ ಮನಸ್ಸಿಲ್ಲ.

ಕೊಪ್ಪಳದಿಂದ:

ಉತ್ಸರ್ಜನೆ ಬೇಡವೇ ಬೇಡ. ಹೊರಸೂಸುವಿಕೆ ಅನ್ನಿ. ‘ಸೂಸು’ ಅಚ್ಚಗನ್ನಡ. ಹೂವು ಕಂಪು ಸೂಸುತ್ತದೆ, ದೀಪ ಬೆಳಕು ಸೂಸುತ್ತದೆ. ಯಾರೂ ದೂಡುವುದಿಲ್ಲ, ತಾನಾಗಿ ಹರಡುತ್ತದೆ. ನಿಮ್ಮ ಥಿನ್ನರ್ ಮಾಡುವುದೂ ಅದನ್ನೇ. ಪತ್ರಿಕೆಯವರು ‘ಉಗುಳು’ ಅಂತ ಬರೆಯುತ್ತಾರೆ, ಅದು ಚಿಮಣಿಗೆ ಸರಿ, ಬಣ್ಣದ ಡಬ್ಬಿಗೆ ತಪ್ಪು.

‘ಹೊರಸೂಸುವಿಕೆ ಗುಣಾಂಕ’ ಅಂತ ಮಾತ್ರ ಬರೆಯಬೇಡಿ, ಅರಿಸಮಾಸ. ‘ಸೂಸುಪಾಲು’ ಸಾಕು. ಸಾಲ್ವೆಂಟಿಗೆ ‘ಕರಗಿಸುಕ’. ದ್ರಾವಕವೂ ಬೇಡ, ಇಂಗ್ಲಿಷೂ ಬೇಡ.

ರಾಯಚೂರಿನಿಂದ:

ಕರಗಿಸುಕ ಅಂದರೆ ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ತೌಡಿನ ಎಣ್ಣೆ ತೆಗೆಯುವ ಕಾರ್ಖಾನೆಗೆ ಇಲ್ಲಿ ಹೆಸರೇ ‘ಸಾಲ್ವೆಂಟ್’. ನಾನು ಅಂಥದ್ದೇ ಕಡೆ ಲೆಕ್ಕ ಬರೆದವನು. ಎಣ್ಣೆ ತೆಗೆಯಲು ಬಳಸುವ ಸಾಲ್ವೆಂಟ್ ಹೆಕ್ಸೇನ್, ಅದು ಸುಮಾರು 69 ಡಿಗ್ರಿಗೇ ಕುದಿಯುತ್ತದೆ. ಎಣ್ಣೆಯಿಂದ ಅದನ್ನು ಆವಿ ಮಾಡಿ, ತಣ್ಣಗೆ ಮಾಡಿ, ಮತ್ತೆ ಟ್ಯಾಂಕಿಗೆ ಬಿಡುತ್ತಾರೆ. ಆದರೂ ಹೊಸದು ತರಿಸುತ್ತಲೇ ಇರಬೇಕು. ಹಿಂಡಿಯಲ್ಲಿ, ಎಣ್ಣೆಯಲ್ಲಿ ಚೂರು ಉಳಿಯುತ್ತದೆ. ಅದು ಬಿಟ್ಟರೆ ಜಾಸ್ತಿ ಪಾಲು ಹೋಗುವುದು ಗಾಳಿಗೇ. ವರ್ಷದ ಮೊದಲ ದಿನದ ದಾಸ್ತಾನು, ಖರೀದಿ, ಕೊನೇ ದಿನದ ದಾಸ್ತಾನು, ಈ ಮೂರು ಇದ್ದರೆ ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ. ಇದಕ್ಕೆ ನಾವು ಹೇಳುವುದು ಜಮಾಖರ್ಚು. ದೇಶದ ಲೆಕ್ಕವೂ ಇದೇ ಅಲ್ವಾ? ಹಾಗೇ ಬರೆಯಿರಿ.

ಕೊಪ್ಪಳದಿಂದ:

ಜಮಾ, ಖರ್ಚು, ಬಾಕಿ ಎಲ್ಲ ಅರಬಿ-ಪಾರಸಿ ಸರಕು. ಸಂಸ್ಕೃತ ಬಿಟ್ಟು ಪಾರಸಿ ತಂದರೆ ಏನು ಬಂತು? ‘ಕೂಡುಕಳೆ’ ಅನ್ನಿ.

ರಾಯಚೂರಿನಿಂದ:

ಸಾರ್, 1948ರವರೆಗೆ ನಿಮ್ಮ ಕೊಪ್ಪಳ, ನಮ್ಮ ರಾಯಚೂರು ಎರಡೂ ಹೈದರಾಬಾದ್ ಸಂಸ್ಥಾನದ ಕಡೆಗಿದ್ದವು. ಕಚೇರಿ, ಕೋರ್ಟು, ಜಮೀನು ಎಲ್ಲದರ ಮಾತು ಆ ದಾರಿಯಲ್ಲಿ ಬಂತು, ನಮ್ಮಲ್ಲೇ ಬೇರು ಬಿಟ್ಟಿತು. ಅಕ್ಷರ ಬಾರದ ಅಜ್ಜಿಯೂ ಬ್ಯಾಂಕಿನಲ್ಲಿ ‘ರೊಕ್ಕ ಜಮಾ ಆಯ್ತಾ’ ಅಂತ ಕೇಳುತ್ತಾಳೆ. ಅವಳ ಮಾತು ಕನ್ನಡವಲ್ಲ ಅನ್ನುವುದಾದರೆ ಇನ್ನು ಮಾತಾಡುವುದೇ ಬೇಡ. ‘ಕೂಡುಕಳೆ’ ಮೂರನೇ ಕ್ಲಾಸಿನ ಗಣಿತ. ತಂದದ್ದೆಷ್ಟು, ಹೋದದ್ದೆಷ್ಟು ಅನ್ನುವ ಅರ್ಥ ಅದರಲ್ಲಿಲ್ಲ.

ಕೊಪ್ಪಳದಿಂದ:

ರೂಢಿ ಬಂದದ್ದೆಲ್ಲ ನಮ್ಮದು ಅಂತಾದರೆ ನಿಘಂಟು ಯಾಕೆ ಬೇಕು? ಇಂಗ್ಲಿಷನ್ನೇ ಇಟ್ಟುಕೊಳ್ಳಿ.

ಸಿಂಧನೂರಿನಿಂದ:

ಇಬ್ಬರೂ ಸ್ವಲ್ಪ ನಿಲ್ಲಿಸಿ. ಜಮಾಖರ್ಚು ಬಂದರೂ ಕೂಡುಕಳೆ ಬಂದರೂ ಓದುವವರಿಗೆ ನಷ್ಟವಿಲ್ಲ. ನಷ್ಟ ಆಗುವುದು ‘ಸಾವಯವ’ದಿಂದ. ಆ ಪದ ಬೋರ್ಡಿಗೆ ಬರಲೇಬಾರದು.

‘ಸ’ ಮತ್ತು ‘ಅವಯವ’ ಸೇರಿ ಆದ ಹಳೇ ಸಂಸ್ಕೃತ ಪದ, ಈ ಅರ್ಥ ಮಾತ್ರ ಇಂಗ್ಲಿಷಿನ ‘ಆರ್ಗ್ಯಾನಿಕ್’ ನೋಡಿ ಕೊಟ್ಟದ್ದು. ರಸಾಯನಶಾಸ್ತ್ರದ ಪುಸ್ತಕದಲ್ಲಿ ಇರಲಿ. ಆದರೆ ತುಂಗಭದ್ರಾ ಕಾಲುವೆಯ ಈ ಸೀಮೆಯಲ್ಲಿ ಸಾವಯವ ಅಂದರೆ ರಾಸಾಯನಿಕ ಗೊಬ್ಬರ, ಔಷಧಿ ಹಾಕದೆ ಬೆಳೆದದ್ದು. ಒಳ್ಳೆಯದು, ಮಕ್ಕಳಿಗೆ ತಿನ್ನಿಸಬಹುದಾದದ್ದು. ಥಿನ್ನರ್ ಡ್ರಮ್ಮಿನ ಮೇಲೆ ‘ಸಾವಯವ ಸಂಯುಕ್ತ’ ಅಂತ ಓದಿದವನು ಮುಚ್ಚಳ ಯಾಕೆ ಹಾಕುತ್ತಾನೆ? ಟಾಲ್ವೀನ್ ಮೂಗಿನಲ್ಲಿ ಹೋದರೆ ತಲೆ ಸುತ್ತುತ್ತದೆ. ಹೊರಗೆ ಬಿಸಿಲಿನಲ್ಲಿ ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿದರೆ ನೆಲದ ಮಟ್ಟದಲ್ಲಿ ಓಝೋನ್ ಆಗುತ್ತದೆ, ಅದು ಉಸಿರಿಗೆ ಕೆಟ್ಟದ್ದು. ಇಂಥದ್ದಕ್ಕೆ ಸಾವಯವ ಅನ್ನುವ ಹೆಸರು ಅಪಾಯ.

‘ಆವಿಯಾಗುವ ಇಂಗಾಲ ಸಂಯುಕ್ತ’ ಅನ್ನಿ. ಲೆಕ್ಕಕ್ಕೂ ಅದೇ ಹೊಂದುತ್ತದೆ. ಐಪಿಸಿಸಿಯ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ) 2006ರ ಮಾರ್ಗಸೂಚಿ ಪ್ರಕಾರ, ಬೇರೆ ಮಾಹಿತಿ ಇಲ್ಲದಿದ್ದರೆ ಇವುಗಳ ತೂಕದಲ್ಲಿ 60% ಇಂಗಾಲ ಅಂತ ಹಿಡಿಯಬೇಕು. ಒಂದು ಕಿಲೋ ಹಾರಿದರೆ 0.6 ಕಿಲೋ ಇಂಗಾಲ. ಅದು ಗಾಳಿಯಲ್ಲಿ ಕೊನೆಗೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಾರ್ಬನ್ ಡೈಆಕ್ಸೈಡಿನ ಅಣುತೂಕ 44, ಇಂಗಾಲದ ಪರಮಾಣುತೂಕ 12; 44ನ್ನು 12ರಿಂದ ಭಾಗಿಸಿ, ಬಂದದ್ದರಿಂದ 0.6ನ್ನು ಗುಣಿಸಿದರೆ 2.2 ಕಿಲೋ. ಹೆಸರಿನಲ್ಲೇ ಇಂಗಾಲ ಇದ್ದರೆ ಓದುವವರಿಗೆ ಈ ಗುಣಾಕಾರ ಎಲ್ಲಿಂದ ಬಂತು ಅಂತ ಹೊಳೆಯುತ್ತದೆ. ‘ಮೀಥೇನ್ ಬಿಟ್ಟು’ ಅಂತ ಮುಂದೆ ಸೇರಿಸಿ, ಮೀಥೇನಿನ ಲೆಕ್ಕ ಬೇರೆ.

ಕೊಪ್ಪಳದಿಂದ:

ಸಾವಯವದ ಮಾತು ಒಪ್ಪಿದೆ. ‘ಸಂಯುಕ್ತ’ ಒಪ್ಪುವುದಿಲ್ಲ. ‘ಕೂಡಿಕೆ’ ಇದೆ.

ಬಳ್ಳಾರಿಯಿಂದ:

ಎಲ್ಲರಿಗೂ ಧನ್ಯವಾದ. ಕೈಪಿಡಿಗೆ ಹೊರಸೂಸುವಿಕೆ, ಸೂಸುಪಾಲು, ಜಮಾಖರ್ಚು, ಆವಿಯಾಗುವ ಇಂಗಾಲ ಸಂಯುಕ್ತ ತೆಗೆದುಕೊಂಡಿದ್ದೇನೆ. ಸಾಲ್ವೆಂಟ್ ಹಾಗೇ ಇರುತ್ತದೆ. ಕೊಪ್ಪಳದ ಸಾರ್ ಬೇಜಾರು ಮಾಡಿಕೊಳ್ಳಬೇಡಿ, ಶೆಡ್ಡಿನಲ್ಲಿ ದ್ರಾವಕವೂ ನಡೆಯುವುದಿಲ್ಲ. ಬೋರ್ಡಿನಲ್ಲಿ ಈ ಯಾವ ಪದವೂ ಇರುವುದಿಲ್ಲ: ‘ಥಿನ್ನರ್ ಡಬ್ಬಿ ತೆರೆದಿಡಬೇಡಿ. ಹಾರಿದ್ದು ನಿಮ್ಮ ಉಸಿರಿಗೇ ಬರುತ್ತದೆ.’

‘ಹಾರಿದ್ದು’ ಸಾಕೋ, ‘ಆವಿಯಾದದ್ದು’ ಬೇಕೋ? ನಾಳೆ ಸಂಜೆಯೊಳಗೆ ಹೇಳಿ.

ರಾಯಚೂರಿನಿಂದ:

ಹಾರಿದ್ದು. ಬದಲಿಸಬೇಡಿ.